ಸೊನ್ನೆ ಎರಡಕ್ಕೆ ಸಮ ಎಂದು ಸಾಧಿಸಿದ್ದು

ಮೊನ್ನೆ ಕಂಕನಾಡಿಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತವರು ಡಬ್ಬಿ ತೆರೆದು ಒಂದು ಚಿಟಿಕೆ ನಸ್ಯ ಏರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಎಲ್ಲೋ ಏನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಎಂಬ ಹೆದರಿಕೆ. ಟಿಕೆಟನ್ನು ಎರಡು ಸಲ ತೆಗೆದು ನೋಡಿದೆ. ಸರಿಯಾಗಿಯೇ ಇತ್ತು. ಐವತ್ತು ಸಮೀಪಿಸುತ್ತಿರುವ ಗಂಡಸು ನಸ್ಯಕ್ಕೆ ಹೆದರುವುದೆಂದರೆ... ಅದಕ್ಕೆ ಕಾರಣ ಹೈಸ್ಕೂಲಿನ ನಮ್ಮ ಗಣಿತದ ಮಾಸ್ತರರು. ಅವರು ತಿದ್ದಿ ಕೊಟ್ಟ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಷ್ಟೇ ನಸ್ಯದ ಕಂದು ಕಲೆಗಳೂ ಇರುತ್ತಿದ್ದವು. ನಾನು ಅವರನ್ನು ದ್ವೇಷಿಸುತ್ತಿದ್ದೆ. ಮುಚ್ಚುಮರೆ ಏಕೆ, ಅವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಉಳ್ಳಾಲದ ಕಡವಿನಿಂದ ನೇತ್ರಾವತಿಯನ್ನು ದೋಣಿಯಲ್ಲಿ ದಾಟಿ ಶಾಲೆಗೆ ಬರುತ್ತಿದ್ದೆ. ನಮ್ಮದು ತಲೆತಲಾಂತರದಿಂದ ಕಡಲಿಗೆ ಹೋಗುವ ಮನೆ. ನನಗೋ ಹೊಳೆ ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಅಪ್ಪ ಒಂದೇ ಮಾತು ಹೇಳಿದ್ದರು: "ಎಸ್ಸೆಸ್ಸೆಲ್ಸಿಗೆ ಕೂತರೆ ಆಫೀಸು ಹುಡುಕು. ಇಲ್ಲದಿದ್ದರೆ ಮರುದಿನದಿಂದ ಬಲೆ ಎಳೆ." ಪರೀಕ್ಷೆಗೆ ಕೂರಬೇಕಾದರೆ ಮೊದಲು ಶಾಲೆಯದ್ದೇ ಸೆಲೆಕ್ಷನ್ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು.

ತ್ರಿಕೋನಮಿತಿಯ ನಿತ್ಯಸಮೀಕರಣಗಳನ್ನು ಸಾಧಿಸುವುದಕ್ಕೆ ಮಾಸ್ತರರದ್ದು ಕಟ್ಟುನಿಟ್ಟಿನ ಕ್ರಮ. ಎಡಬದಿಯಿಂದ ಹೊರಡಬೇಕು, ಸಾಲಿಗೊಂದು ಹೆಜ್ಜೆ, ಪಕ್ಕದಲ್ಲಿ ಕಾರಣ. ಬಲಬದಿ ತಾನಾಗಿ ಬರುವವರೆಗೆ ಅದನ್ನು ಮುಟ್ಟಬಾರದು. ನನ್ನ ಕ್ರಮ ಬೇರೆ. ಮೇಲಿನಿಂದ ಮೂರು ಸಾಲು ಇಳಿಯುತ್ತಿದ್ದೆ, ಉತ್ತರದ ಬುಡದಿಂದ ಎರಡು ಸಾಲು ಹತ್ತುತ್ತಿದ್ದೆ, ನಡುವೆ ಉಳಿದ ಸಂದಿಗೆ ಏನಾದರೊಂದು ಧೈರ್ಯವಾಗಿ ಬರೆದು ಮುಗಿಸುತ್ತಿದ್ದೆ. ಅವರು ನೇರ ಆ ಸಾಲಿಗೇ ಬೆರಳಿಡುತ್ತಿದ್ದರು.

"ಎಂತ ಮಾರಾಯ, ಇಲ್ಲಿಂದ ಅಲ್ಲಿಗೆ ಹೇಗೆ ಬಂದೆ? ದೋಣಿಯಲ್ಲಾ? ಇಲ್ಲಿ ಕಡವು ಇಲ್ಲ, ನಡೆದೇ ಬರಬೇಕು."

ತರಗತಿಗೆ ತರಗತಿಯೇ ನಗುತ್ತಿತ್ತು.

ಸೆಲೆಕ್ಷನ್ನಿನ ದಿನ ಪ್ರಶ್ನೆಗಳನ್ನು ಅವರೇ ಕರಿಹಲಗೆಯ ಮೇಲೆ ಬರೆದರು. ಟ್ಯಾನ್ ತೀಟಾ ಮೈನಸ್ ಕಾಟ್ ತೀಟಾ, ಸೆಕ್ ತೀಟಾ ಇಂಟು ಕೊಸೆಕ್ ತೀಟಾಕ್ಕೆ ಸಮ ಎಂದು ಸಾಧಿಸಿ. ಮೂರನೇ ಸಾಲಿನಲ್ಲಿ ಸೈನ್ ವರ್ಗದಿಂದ ಕಾಸ್ ವರ್ಗ ಕಳೆಯುವುದು ಬಂತು. ಕೂಡಿಸಿದರೆ ಒಂದಾಗುತ್ತದೆ ಎಂಬುದು ಗೊತ್ತಿತ್ತು. ಕಳೆದರೆ...? ಕಣ್ಣ ಮುಂದೆ ಬಲೆ ಬಂತು. ಕಳೆದರೂ ಒಂದೇ ಎಂದು ಬರೆದೆ. ಪಕ್ಕದಲ್ಲಿ 'ಸೂತ್ರದಂತೆ' ಎಂದು ಕಾರಣವನ್ನೂ ಕೊಟ್ಟೆ.

ವಾರದ ಬಳಿಕ ಮಾಸ್ತರರು ಪತ್ರಿಕೆಗಳ ಕಟ್ಟು ಹಿಡಿದು ಬಂದರು. ಒದ್ದೆ ಹಲಗೆಯಲ್ಲಿ ಸೀಮೆಸುಣ್ಣ ಜಾರಿ ಪ್ಲಸ್ಸಿನ ನಿಂತ ಗೀಟು ಮೂಡದೆ ಅದು ಮೈನಸ್ಸಾಗಿತ್ತಂತೆ. ತಪ್ಪು ತನ್ನದು, ಮೂರನೇ ಸಾಲಿನಲ್ಲಿ ಸಿಕ್ಕಿಕೊಂಡು ನಿಂತವರಿಗೆಲ್ಲ ಪೂರ್ತಿ ಅಂಕ ಎಂದರು. ಆಮೇಲೆ ನನ್ನನ್ನು ಎಬ್ಬಿಸಿದರು.

"ತೀಟಾಕ್ಕೆ ನಲವತ್ತೈದು ಡಿಗ್ರಿ ಹಾಕಿ ನೋಡು."

ಹಾಕಿದೆ. ಎಡಕ್ಕೆ ಸೊನ್ನೆ, ಬಲಕ್ಕೆ ಎರಡು.

"ಸೊನ್ನೆ ಎರಡಕ್ಕೆ ಸಮ ಅಂತ ಸಾಧಿಸಿದ್ದೀ. ಇನ್ನು ನಮಗೆಲ್ಲ ಇಲ್ಲಿ ಎಂತ ಕೆಲಸ ಉಂಟು?"

"ತಪ್ಪು ಬರೆದದ್ದು ನೀವಲ್ವಾ ಸರ್?" ಎಂದೆ. ನನ್ನ ಜೀವಮಾನದ ಏಕೈಕ ಧೈರ್ಯ ಅದು.

"ಹೌದು, ತಪ್ಪು ಬರೆದದ್ದು ನಾನು. ಸುಳ್ಳು ಬರೆದದ್ದು ನೀನು. ನಿನಗೆ ಮಾರ್ಕಿಲ್ಲ."

ಆ ಒಂದು ಲೆಕ್ಕದ ಅಂಕ ಸಿಗದೆ ನಾನು ಫೇಲಾದೆ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಪ್ಪ ಮಾತು ತಪ್ಪುವವರಲ್ಲ. ಒಂದು ವರ್ಷ ದೋಣಿಯಲ್ಲಿ ಕಳೆದೆ. ಕಡಲಿನಿಂದ ತಂದದ್ದಕ್ಕಿಂತ ಕಡಲಿಗೆ ಕಕ್ಕಿದ್ದೇ ಹೆಚ್ಚು. ಒಂದೊಂದು ವಾಂತಿಗೂ ಮಾಸ್ತರರಿಗೆ ಒಂದೊಂದು ಶಾಪ ಹಾಕಿದೆ. ಕೊನೆಗೆ ಅಪ್ಪನೇ ನನ್ನ ಕಾಟ ತಾಳಲಾರದೆ ಮತ್ತೆ ಶಾಲೆಗೆ ಅಟ್ಟಿದರು. ಆ ಸಲ ಮಾಸ್ತರರು ನನ್ನ ಪತ್ರಿಕೆಯ ಮೇಲೆ ಪಾಸಾಗುವಷ್ಟು ಅಂಕ ಹಾಕಿ, ಮುಖ ನೋಡದೆ ನನ್ನತ್ತ ತಳ್ಳಿದರು. ನಾನೂ ಮುಖ ನೋಡದೆ ತೆಗೆದುಕೊಂಡೆ.

ಅವರಿಗೆ ಹೇಳಬೇಕೆಂದು ಒಂದು ಖಾರವಾದ ಉತ್ತರವನ್ನು ವರ್ಷಗಟ್ಟಲೆ ತಿದ್ದುತ್ತಲೇ ಇದ್ದೆ. ಒಮ್ಮೆ ಫಳ್ನೀರಿನಲ್ಲಿ ಕೋಲೂರಿಕೊಂಡು ಎದುರಿಗೇ ಬಂದರು. ನಾನು ಪಕ್ಕದ ಔಷಧದಂಗಡಿಗೆ ನುಗ್ಗಿ, ಇಲ್ಲದ ಕೆಮ್ಮಿಗೆ ಔಷಧ ಕೊಂಡೆ. ಅದೇ ವರ್ಷ ತೀರಿಕೊಂಡರಂತೆ... ನಾನು ಹೋಗಲಿಲ್ಲ.

ಮೊನ್ನೆ ಸಂಜೆ ಮಗಳ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಆ ಲೆಕ್ಕವನ್ನು ಮೈನಸ್ಸಿನಲ್ಲೇ ಮಾಡತೊಡಗಿದೆ. ಮೂರನೇ ಸಾಲು ಬಂತು. ಮುಂದೆ ದಾರಿಯಿಲ್ಲ. ಪೆನ್ನು ಕೆಳಗಿಟ್ಟೆ. ಸಿಟ್ಟು ಇಳಿದಿಲ್ಲ, ಅದು ಬೇರೆ ಮಾತು. ಆದರೆ ಆ ಹಾಳೆ ನೋಡಿ, ನಾನು ಮೂರನೇ ಸಾಲಿನಲ್ಲಿ ನಿಂತದ್ದು ಸರಿಯೋ ತಪ್ಪೋ ಹೇಳಬಲ್ಲವರು ಅವರೊಬ್ಬರೇ ಇದ್ದರು. ನೋಟುಪುಸ್ತಕ ಮುಚ್ಚಿದೆ.