ತುಂಗತ್ತೆಯ ಒಂದು ನಿಮಿಷ

ಗಾಡಿ ನಿಂತ ಕೂಡಲೇ ತುಂಗತ್ತೆ ಇಳಿಯುತ್ತಿರಲಿಲ್ಲ. ಇಂಜಿನ್ ಗುರುಗುಡುತ್ತಲೇ ಇರುತ್ತಿತ್ತು. ಕಚ್ಚೆ ಸೀರೆ ಉಟ್ಟು, ಕೆನ್ನೆಗೆ ಅರಿಸಿನ ಹಚ್ಚಿಕೊಂಡ, ಅರವತ್ತು ದಾಟಿದ ಆ ಹೆಂಗಸು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ತುಟಿಗಳು ಮಾತ್ರ ಅಲುಗಾಡುತ್ತಿದ್ದವು. ಮೊದಲ ಸಲ ನೋಡಿದವರಿಗೆ ದಿಗಿಲಾಗುತ್ತಿತ್ತು. ನಂದವರಂನಲ್ಲಿ ಒಬ್ಬಾಕೆ ನನ್ನ ಸೆರಗು ಜಗ್ಗಿ, "ಮೈಮ್ಯಾಲೆ ದೇವ್ರು ಬಂದಾನೇನ್ರಿ?" ಎಂದು ಕೇಳಿದ್ದಳು. "ಇಲ್ಲವಾ, ಟರ್ಬೊ ಆರ್ಲಿಕ್ಕತ್ತದ" ಎಂದೆ. ಆಕೆಗೆ ಇನ್ನಷ್ಟು ದಿಗಿಲಾಯಿತು.

ವಿಷಯ ಇಷ್ಟೇ. ಟರ್ಬೊ ಇರುವ ಗಾಡಿಯನ್ನು ದೂರದಿಂದ ಓಡಿಸಿಕೊಂಡು ಬಂದು ತಟ್ಟನೆ ಆರಿಸಬಾರದು, ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು, ಇಲ್ಲದಿದ್ದರೆ ಒಳಗೆ ಗಿರ್ರನೆ ತಿರುಗುವ ಚಕ್ರಕ್ಕೆ ಎಣ್ಣೆ ಸಿಗದೆ ಸುಟ್ಟುಹೋಗುತ್ತದೆ ಎಂದು ಮೆಕ್ಯಾನಿಕ್ ಖಾಜಾ ಆಕೆಗೆ ಹೇಳಿಕೊಟ್ಟಿದ್ದ. ಅತ್ತೆಗೆ ಸುಮ್ಮನೆ ಕೂಡುವುದು ಗೊತ್ತಿಲ್ಲ. ಆ ನಿಮಿಷಕ್ಕೆ ಸರಿಹೊಂದುವ ಒಂದು ಸ್ತೋತ್ರ ಹುಡುಕಿಕೊಂಡಳು. "ಖಾಜಾನ ಮಾತೂ ಉಳೀತು, ದೇವ್ರದೂ ಉಳೀತು" ಎನ್ನುತ್ತಿದ್ದಳು. ನಡುವೆ ಯಾರೂ ಮಾತಾಡಿಸುವಂತಿರಲಿಲ್ಲ. ಮಾತಾಡಿಸಿದರೆ ಸ್ತೋತ್ರ ಮತ್ತೆ ಮೊದಲಿನಿಂದ ಶುರು.

ನಾನು ಆದೋನಿಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಹುಟ್ಟಾ ಪುಕ್ಕಲಿ. ಕುಕ್ಕರ್ ಸೀಟಿ ಹೊಡೆದರೂ ಎದೆ ಹಾರುತ್ತದೆ. ಅಂಥವಳಿಗೆ ದೇವರು ಇಂಥ ಸೋದರತ್ತೆಯನ್ನು ಕೊಟ್ಟ. ಆಕೆಯಷ್ಟು ನನ್ನನ್ನು ಬೆಚ್ಚಿಬೀಳಿಸಿದವರು ಇನ್ನೊಬ್ಬರಿಲ್ಲ. ಹಾಗಂತ ಆಕೆ ಹೊಸ ಕಾಲದ ಹೆಂಗಸೇನೂ ಅಲ್ಲ. ಮಡಿ ಎಂದರೆ ನಮ್ಮ ಓಣಿಯಲ್ಲೇ ಆಕೆಯದು ಕಡುಮಡಿ. ಅದೇ ಮಡಿಯೇ ಆಕೆಯನ್ನು ಡ್ರೈವರ್ ಮಾಡಿತು ಎಂದರೆ ಯಾರು ನಂಬುತ್ತಾರೆ?

ಆಕೆಯ ಗಂಡ ವೆಂಕೋಬ ಮಾವ ಮಡಿ ಅಡಿಗೆಯವನು. ಏಕಾದಶಿ ದಿನ ಹನಿ ನೀರೂ ಕುಡಿಯದೆ ಇದ್ದವರು ಮರುದಿನ ದ್ವಾದಶಿ ತಿಥಿ ಮುಗಿಯುವುದರೊಳಗೆ ಉಂಡು ಉಪವಾಸ ಬಿಡಬೇಕು. ಅದೇ ಪಾರಣೆ. ಕೆಲವು ಸಲ ಹೊತ್ತು ಹುಟ್ಟಿದ ಸ್ವಲ್ಪ ಹೊತ್ತಿಗೇ ತಿಥಿ ಜಾರಿಹೋಗುತ್ತದೆ. ನಂದವರಂ, ಗೋನೆಗಂಡ್ಲ, ಸಿ. ಬೆಳಗಲ್ ಕಡೆ ನಮ್ಮವರ ಮನೆಗಳು ಊರಿಗೆ ನಾಲ್ಕಾರು. ಅವರೆಲ್ಲ ಗುಡಿಯ ಪಡಸಾಲೆಯಲ್ಲಿ ಕೂಡಿ ಪಾರಣೆ ಮಾಡುತ್ತಿದ್ದರು. ಒಂದು ದ್ವಾದಶಿಗೆ ಒಂದು ಊರೆಂದು ಮಾವ ಆದೋನಿಯಲ್ಲಿ ಅಡಿಗೆ ಮಾಡಿ, ಬಾಡಿಗೆ ಗಾಡಿಯಲ್ಲಿ ಒಯ್ಯುತ್ತಿದ್ದ. ಒಮ್ಮೆ ಡ್ರೈವರ್ ತನ್ನ ಬುತ್ತಿಯಲ್ಲಿ ಬೇಯಿಸಿದ ತತ್ತಿ ಇಟ್ಟುಕೊಂಡು, ಆ ಬುತ್ತಿಯನ್ನು ಸಾರಿನ ಕೊಪ್ಪರಿಗೆಗೆ ಆನಿಸಿ ಇಟ್ಟಿದ್ದ. ಮಾವ ಅಷ್ಟೂ ಸಾರನ್ನು ದಾರಿಯ ಬದಿಗೆ ಸುರಿದ. ಅವತ್ತು ಸಂಜೆ ಅತ್ತೆ, "ನಾನೇ ಗಾಡಿ ಕಲೀತೀನಿ. ಇಡೀ ಗಾಡಿ ಮಡಿಯೊಳಗ ಇರಬೇಕು" ಎಂದಳು. ನಗೆಯಾಡುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಮಳೆಗಾಲ ಮುಗಿಯುವಷ್ಟರಲ್ಲಿ ಲೈಸೆನ್ಸು ಬಂತು, ಹಳೆಯದೊಂದು ಟರ್ಬೊ ಡೀಸೆಲ್ ಗಾಡಿಯೂ ಬಾಗಿಲಿಗೆ ಬಂತು.

ಆಮೇಲೆ ನೋಡಬೇಕಿತ್ತು. ಬೆಳಗಿನ ಜಾವ ಗಾಡಿಗೆ ಒಳಗೂ ಹೊರಗೂ ಸ್ನಾನ. ಹಿಂದೆ ಮಾವ ಸಾರಿನ ಕೊಪ್ಪರಿಗೆಯನ್ನು ಅಪ್ಪಿಕೊಂಡು ಕೂಡುವುದು, ಮುಂದೆ ಅತ್ತೆ. ರಜೆಯಿದ್ದರೆ ಬಡಿಸಲು ನಾನು. ಎಮ್ಮಿಗನೂರಿನ ಹತ್ತಿರ ಪೊಲೀಸನೊಬ್ಬ ತಡೆದು ಲೈಸೆನ್ಸಿಗೆ ಕೈ ಚಾಚಿದಾಗ ಅತ್ತೆ, "ಮುಟ್ಟುಕೋಕಂಡಿ, ಮಡಿಲೋ ಉನ್ನಾನು" ಎಂದು ತೆಲುಗಿನಲ್ಲಿ, ಮುಟ್ಟಬೇಡಿ ಮಡಿಯಲ್ಲಿದ್ದೇನೆ ಎಂದು ಗದರಿಸಿ, ಲೈಸೆನ್ಸನ್ನು ಬಾನೆಟ್ಟಿನ ಮೇಲೆ ಎಸೆದಳು. ಆತ ಬಗ್ಗಿ ಓದಿ, ಮುಟ್ಟದೆಯೇ ಕೈಮುಗಿದು ಕಳಿಸಿಕೊಟ್ಟ.

ಖಾಜಾನಿಗೆ ಗಾಡಿ ಮುಟ್ಟಲು ಅವಕಾಶ ಏಕಾದಶಿ ದಿನ ಮಾತ್ರ. ಅವತ್ತು ಅಡಿಗೆಯಿಲ್ಲವಲ್ಲ. ಅವನು ಹೋದ ಮೇಲೆ ಗಾಡಿಯನ್ನು ಮತ್ತೆ ತೊಳೆಯುವುದು. "ಅಮ್ಮ ನನ್ನ ಸಲುವಾಗಿ ತೊಳ್ಯಂಗಿಲ್ಲ, ಕರಿ ಆಯಿಲ್ ಸಲುವಾಗಿ ತೊಳೀತಾರ" ಎಂದು ಅವನು ನಗುತ್ತಿದ್ದ. ಅತ್ತೆಯೂ ನಗುತ್ತಿದ್ದಳು. ನಿಜ ಏನೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಮಾತ್ರ ಆ ನಗುವಿನಲ್ಲಿ ಸೇರಲು ಆಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆಗಬಾರದ್ದು ಆಯಿತು. ಸಿ. ಬೆಳಗಲ್ಲಿಗೆ ಹೊರಟಿದ್ದೆವು. ತಿಥಿ ಬೇಗ ಮುಗಿಯುವ ದ್ವಾದಶಿ. ಏರು ಹತ್ತುವಾಗ ಗಾಡಿ ಇದ್ದಕ್ಕಿದ್ದಂತೆ ಸೊರಗಿತು. ಹಿಂದೆ ಕರಿ ಹೊಗೆ, ಮುಂದೆ ಉಸ್ಸೆಂದು ಗಾಳಿ ಸೋರುವ ಸದ್ದು. ಎತ್ತಿನ ಬಂಡಿಗಿಂತ ನಿಧಾನವಾಗಿ ತೆವಳಿ ಗುಡಿ ಮುಟ್ಟುವ ಹೊತ್ತಿಗೆ ತಿಥಿ ಹೋಗಿತ್ತು. ಭೀಮರಾವ್ ಮಾಸ್ತರರು, ಆ ಊರಲ್ಲೇ ಪಾಠ ಹೇಳಿ ನಿವೃತ್ತರಾದವರು, ಕಾದು ಕಾದು ಕಂಬಕ್ಕೆ ಒರಗಿದವರು ಹಾಗೇ ಕೆಳಗೆ ಜಾರಿದ್ದರು. ನಾಲಿಗೆ ಒಣಗಿ ಮಾತು ಹೊರಡುತ್ತಿರಲಿಲ್ಲ. ಯಾರೋ ಅವರ ಬಾಯಿಗೆ ನೀರು ಬಿಡುತ್ತಿದ್ದರು. ಕಣ್ಣು ಬಿಟ್ಟ ಮೇಲೆ ಅವರು ಅತ್ತೆಯನ್ನು ಬೈಯಲಿಲ್ಲ. "ತಿಥಿ ಹೋತಲ್ಲ ತಂಗಿ" ಎಂದರು, ಅಷ್ಟೇ. ಮನೆ ಮುಟ್ಟಿ ಗಾಡಿ ನಿಲ್ಲಿಸಿ, ಸ್ತೋತ್ರ ಮುಗಿಸಿದ ಮೇಲೆ ಅತ್ತೆ, "ಇನ್ನೊಮ್ಮೆ ನನ್ನ ಗಾಡಿ ಸಲುವಾಗಿ ಉಪವಾಸದವರು ಕಾಯಬಾರದು ನೋಡು" ಎಂದಳು.

ಮುಂದಿನ ಏಕಾದಶಿಗೆ ಖಾಜಾ ಬಂದು ಗಾಡಿಯ ಮುಂದಿನ ಜಾಲರಿ ಬಿಚ್ಚಿದ. ಅಲ್ಲಿರುವ ಅಲ್ಯೂಮಿನಿಯಮ್ ಪೆಟ್ಟಿಗೆ ಲಾರಿಯಿಂದ ಸಿಡಿದ ಕಲ್ಲಿಗೆ ಸೀಳಿತ್ತು. ಅದಕ್ಕೆ ಇಂಟರ್‌ಕೂಲರ್ ಎನ್ನುತ್ತಾರೆ, ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣ್ಣಗೆ ಮಾಡಿ ಇಂಜಿನ್ನಿಗೆ ಕೊಡುತ್ತದೆ ಎಂದು ಖಾಜಾ ವಿವರಿಸಿದ. ನನ್ನ ತಲೆಗೆ ಹೋಗಲಿಲ್ಲ. "ಸುಡೋ ಅನ್ನ ಕೂಸಿನ ಬಾಯಿಗಿಟ್ರ ಉಗುಳತದಲ್ಲ, ಹಂಗ. ಆರಿಸಿ ಉಣಸಬೇಕು" ಎಂದಳು ಅತ್ತೆ.

"ಅಮ್ಮಾ, ಹೊಸಾದು ಹಾಕಿದ್ರ ಗಾಡಿಗಿಂತ ಅದೇ ತುಟ್ಟಿ ಆಗತೈತಿ" ಎಂದ ಖಾಜಾ. "ಗುಜರಿಯೊಳಗ ಒಂದು ಐತಿ. ಬ್ಯಾರೆ ಗಾಡೀದು, ಸ್ವಲ್ಪ ದೊಡ್ಡದು. ಪರವಾಲೇದು, ಏನೂ ಆಗಂಗಿಲ್ಲ, ಕೂಡಸ್ತೀನಿ."

ಗುಜರಿಗೆ ಅತ್ತೆಯೂ ಹೊರಟಳು. ಉರಿಬಿಸಿಲು, ಹೊಟ್ಟೆಯಲ್ಲಿ ಹನಿ ನೀರಿಲ್ಲ. ಜಜ್ಜಿಹೋದ ಗಾಡಿಗಳ ನಡುವೆ ಸೀರೆ ಎತ್ತಿಕಟ್ಟಿ ನಿಂತು ಆ ಪೆಟ್ಟಿಗೆಯ ಒಂದೊಂದು ಪಟ್ಟಿಯನ್ನೂ ಬದನೆಕಾಯಿ ಆರಿಸುವವಳಂತೆ ತಿರುಗಿಸಿ ನೋಡಿದಳು. ಮನೆಗೆ ತಂದು ಒಳಗಿನ ಜಿಡ್ಡನ್ನು ಸೀಮೆಎಣ್ಣೆ ಹಾಕಿ ತೊಳೆದರು. ಅದನ್ನು ಹಿಡಿದು ನಿಲ್ಲಿಸುವ ಪಟ್ಟಿಗೆ ಕಬ್ಬಿಣ ಬೇಕೆಂದಾಗ ಅತ್ತೆ ಮುರಿದ ಜಾರಿಯ, ಅಂದರೆ ತೂತಿನ ಸೌಟಿನ, ಉದ್ದನೆಯ ಹಿಡಿ ತಂದುಕೊಟ್ಟಳು. ಬೂಂದಿ ಕರಿದ ಜಾರಿ ಅದು. ಖಾಜಾ ಅದನ್ನು ಕಡಿದು, ತೂತು ಕೊರೆದು, ಬಗ್ಗಿಸಿದ.

ತೊಡಕು ಬಂದದ್ದು ಆಮೇಲೆ. ಹಳೆಯ ಪೆಟ್ಟಿಗೆ ಎಲ್ಲಿಯಾದರೂ ಸೋರುತ್ತದೆಯೇ ಎಂದು ತಿಳಿಯಲು ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ, ಪೂರ್ತಿ ನೀರಲ್ಲಿ ಮುಳುಗಿಸಬೇಕು. ರೇಡಿಯೇಟರ್ ಅಂಗಡಿಯವನ ತೊಟ್ಟಿಯಲ್ಲಿ ಅದು ಹಿಡಿಸುತ್ತಿತ್ತು. ಅವತ್ತು ಅವನ ಮಗಳ ಮದುವೆ, ಅಂಗಡಿಗೆ ಬೀಗ. ಮನೆಯ ಬಕೆಟ್ಟುಗಳಲ್ಲಿ ಅರ್ಧವೂ ಮುಳುಗಲಿಲ್ಲ. "ನೋಡದಂಗ ಕೂಡಸಬೌದು. ಸೋರಿದ್ರ ಮತ್ತ ಅದೇ ಕತಿ" ಎಂದ ಖಾಜಾ. ಬೆಳಗಾದರೆ ಪಾರಣೆ, ಹೋದ ಸಲ ತಪ್ಪಿದ್ದಕ್ಕೆ ಮತ್ತೆ ಅದೇ ಸಿ. ಬೆಳಗಲ್.

ಅತ್ತೆ ಹಿತ್ತಲಿನಿಂದ ಒಳಗೆ ಹೋದಳು. ಗಡಗಡ ಸದ್ದು ಕೇಳಿತು. ಸಾರಿನ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬರುತ್ತಿದ್ದಳು! ಅದು ಮಾವನ ತಾಯಿಯ ಕಾಲದ ಹಿತ್ತಾಳೆ ಕೊಪ್ಪರಿಗೆ. ಸ್ನಾನ ಮಾಡದೆ ಅದರ ನೆರಳು ತುಳಿದರೂ ಮಾವ ಉರಿದುಬೀಳುತ್ತಿದ್ದ. ಆಗ ಅವನು ಪ್ರವಚನ ಕೇಳಲು ಗುಡಿಗೆ ಹೋಗಿದ್ದ.

"ಅತ್ತೀ! ಏನು ಮಾಡ್ಲಿಕ್ಕತ್ತಿ?" ಎಂದು ಚೀರಿದೆ.

"ನೀರು ತುಂಬು."

"ಗುಜರಿ ಸಾಮಾನು! ಯಾರ ಗಾಡೀದೋ ಏನೋ!"

"ನೀ ತುಂಬತಿ ಏನು, ನಾ ತುಂಬಲಿ?"

ಖಾಜಾ ಎರಡು ಹೆಜ್ಜೆ ಹಿಂದೆ ಸರಿದಿದ್ದ. "ಅಮ್ಮಾ, ಬ್ಯಾಡ್ರಿ. ಇದು ನಿಮ್ಮ ದೇವ್ರ ಸಾಮಾನು" ಎಂದ. "ಹಾಕಪ್ಪ" ಎಂದಳು ಅತ್ತೆ. ಅವನು ಪೆಟ್ಟಿಗೆಯನ್ನು ಇನ್ನೂ ಹಿಂದಕ್ಕೆ ಹಿಡಿದುಕೊಂಡ. ಕೊನೆಗೆ ಅವಳೇ ಪೆಟ್ಟಿಗೆಯನ್ನು ಹಿಡಿದು ಮುಳುಗಿಸಿದಳು. ಖಾಜಾ ಗಾಳಿ ಬಿಟ್ಟ. ಒಂದು ಮೂಲೆಯಿಂದ ಗುಳುಗುಳು ಗುಳ್ಳೆ ಎದ್ದವು. ಅವನು ಅಲ್ಲಿ ಗುರುತು ಹಾಕಿಕೊಂಡು ಹೋಗಿ ಬೆಸುಗೆ ಹಾಕಿಸಿಕೊಂಡು ಬಂದ. ಮತ್ತೆ ಮುಳುಗಿಸಿದರು. ಈ ಸಲ ನೀರು ಅಲುಗಲಿಲ್ಲ. ಅತ್ತೆ ಒಣಗಿದ ತುಟಿಯಲ್ಲೇ ನಕ್ಕಳು.

ಅವನು ಗಾಡಿ ಜೋಡಿಸಿ ಹೋದ ಮೇಲೆ ಆಕೆ ಕೊಪ್ಪರಿಗೆಗೆ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ನೀರು ಕುದಿಸಿ ಚೆಲ್ಲಿ, ಮತ್ತೆ ತಿಕ್ಕಿದಳು. ಉಪವಾಸದ ಮೈ, ನಿಂತಲ್ಲೇ ಜೋಲಿ ಹೊಡೆಯುತ್ತಿತ್ತು. ಬೆಳಗಿನ ಜಾವ ಅದರಲ್ಲೇ ಮೆಣಸಿನ ಸಾರು ಕುದಿಯಿತು. ಮಾವ ಮುಚ್ಚಳ ತೆಗೆದು ಮೂಗರಳಿಸಿದ. ಒಂದು ಗಳಿಗೆ ಅತ್ತೆಯ ಮುಖ ನೋಡಿದ. ಆಮೇಲೆ ಇನ್ನೊಂದು ಚಿಟಿಕೆ ಇಂಗು ಹಾಕಿದ.

ಅವತ್ತು ಗಾಡಿ ಆ ಏರನ್ನು ಹತ್ತಿದ ರೀತಿ ಏನು ಹೇಳಲಿ! ಹೊಗೆಯಿಲ್ಲ, ಏದುಸಿರಿಲ್ಲ. ತಿಥಿ ಬೇಕಾದಷ್ಟು ಉಳಿದಿತ್ತು. ಭೀಮರಾವ್ ಮಾಸ್ತರರು ಸಾರು ಸುರಿದುಕೊಂಡು, ಮಾವನ ಕಡೆ ತಿರುಗಿ, "ಆಚಾರ್ರ, ಇವತ್ತಿನ ಇಂಗು ಭೇಷ್ ಅದ. ಇನ್ನೊಂದು ಸೌಟು" ಎಂದರು. ನನ್ನ ಕೈಯಲ್ಲಿದ್ದ ತುಪ್ಪದ ಗಿಂಡಿ ಜಾರಿ ಬೀಳುವುದಿತ್ತು. ಮುಂದೆ ಯಾವ ದ್ವಾದಶಿಗೆ ಆ ಊರಿಗೆ ಹೋದರೂ ಅವರು ಸಾರನ್ನು ಎರಡನೆಯ ಸಲ ಕೇಳದೆ ಬಿಡುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ಓಡಿತು. ಎಲ್ಲಿಯೂ ತಡವಾಗಲಿಲ್ಲ.

ಹೋದ ಚಳಿಗಾಲದಲ್ಲಿ ಮತ್ತೆ ಅಂಥದೇ ಬೇಗ ಮುಗಿಯುವ ದ್ವಾದಶಿ, ಮತ್ತೆ ಸಿ. ಬೆಳಗಲ್. ದಾರಿಯಲ್ಲಿ ಅತ್ತೆ ಒಮ್ಮೆ ಎದೆ ಸವರಿಕೊಂಡು, "ಯಾಕೋ ಭಾರ ಅದ. ಖಾಲಿ ಹೊಟ್ಟಿ ವಾಯು" ಎಂದಳು. ಗಾಡಿಯನ್ನು ನಿಧಾನ ಮಾಡಲಿಲ್ಲ. ಗುಡಿಯ ಅಂಗಳದಲ್ಲಿ ನಿಲ್ಲಿಸಿದಳು. ಕೈ ಸ್ಟೇರಿಂಗಿನ ಮೇಲೆ, ಕಣ್ಣು ಮುಚ್ಚಿದವು, ತುಟಿ ಅಲುಗಾಡತೊಡಗಿದವು. ನಾನೂ ಮಾವನೂ ಪಾತ್ರೆಗಳನ್ನು ಇಳಿಸಿಕೊಂಡು ಒಳಗೆ ಓಡಿದೆವು. ನೈವೇದ್ಯವಾಗಿ ಎಲೆ ಬಿದ್ದವು. ಅನ್ನ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ ಬಡಿಸಿದೆವು. ಹೊರಗೆ ಇಂಜಿನ್ ಇನ್ನೂ ಗುರುಗುಡುತ್ತಿತ್ತು. ಯಾರೋ ಮಾತಾಡಿಸಿರಬೇಕು, ಸ್ತೋತ್ರ ಮೊದಲಿನಿಂದ ಶುರುವಾಗಿರಬೇಕು ಎಂದುಕೊಂಡೆ. ಪಲ್ಯದ ಪಾತ್ರೆ ಬರಿದಾಯಿತು. ಇಂಜಿನ್ ಓಡುತ್ತಲೇ ಇತ್ತು.

ಬಡಿಸಲು ತುಂಬಿಕೊಂಡಿದ್ದ ಸಾರಿನ ಬಕೆಟ್ಟನ್ನು ಕೈಯಲ್ಲಿ ಹಿಡಿದಂತೆಯೇ ಮಾವ ನನಗಿಂತ ಮೊದಲು ಹೊರಗೆ ನಡೆದ. ನಾನು ಹೋಗುವಷ್ಟರಲ್ಲಿ ಅವನು ಗಾಡಿಯ ಬಾಗಿಲು ತೆರೆದು ಅತ್ತೆಯ ಮೂಗಿನ ಹತ್ತಿರ ಕೈ ಹಿಡಿದಿದ್ದ. ಕೈಗಳು ಸ್ಟೇರಿಂಗಿನ ಮೇಲೆ ಇದ್ದ ಹಾಗೇ ಇದ್ದವು. ತುಟಿ ಅಲುಗಾಡುತ್ತಿರಲಿಲ್ಲ. ನಿನ್ನೆಯಿಂದ ಒಂದು ಹನಿ ನೀರೂ ಹೋಗದ ತುಟಿಗಳು.

ಮಾವ ಆಕೆಯ ತಲೆಯನ್ನು ಮೆಲ್ಲಗೆ ಸೀಟಿಗೆ ಒರಗಿಸಿ, ಸೆರಗು ಸರಿಮಾಡಿದ. ಆಮೇಲೆ ಬಗ್ಗಿ, ಕೆಳಗಿಟ್ಟಿದ್ದ ಸಾರಿನ ಬಕೆಟ್ಟನ್ನು ಎತ್ತಿಕೊಂಡ. ನನಗೆ ಏನೂ ತಿಳಿಯಲಿಲ್ಲ.

"ಮಾವಾ, ಒಳಗ ಹ್ಯಾಂಗ ಹೋಗ್ತೀರಿ? ಸೂತಕ... ನೀವು ಮುಟ್ಟೀರಿ..."

"ತಿಥಿ ಇನ್ನೂ ಅದ" ಎಂದ. "ಈಗ ಹೇಳಿದ್ರ ಎಲ್ಲಾರೂ ಅರ್ಧಕ್ಕ ಎಲಿ ಬಿಟ್ಟು ಏಳತಾರ. ಊಟ ಮುಗೀಲಿ."

ಇದನ್ನು ಹೇಳುತ್ತಿದ್ದವನು ತತ್ತಿ ತಾಗಿತೆಂದು ಕೊಪ್ಪರಿಗೆ ಸಾರು ಸುರಿದ ಮನುಷ್ಯ. ನಾನು ಕಣ್ಣು ಬಿಟ್ಟುಕೊಂಡು ನಿಂತೇ ಇದ್ದೆ.

"ಹಂಗ ಯಾಕ ನೋಡ್ತಿ? ಅವತ್ತು ಸಾರಿಗೆ ಇಂಗು ಯಾಕ ಹೆಚ್ಚು ಹಾಕಿದ್ದೆ ಅಂತ ತಿಳಕೊಂಡಿ? ಸೀಮೆಎಣ್ಣಿ ವಾಸನಿ ನನಗ ಗೊತ್ತಾಗಂಗಿಲ್ಲೇನು?"

ಕಣ್ಣೊರೆಸಿಕೊಂಡು ಬಕೆಟ್ ಹಿಡಿದು ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ತಿರುಗಿ, "ಗಾಡಿ ಬಂದ್ ಮಾಡು. ಆಕಿ ನಿಮಿಷ ಮುಗದದ" ಎಂದು ಒಳಗೆ ಹೋದ.

ನಾನು ಅತ್ತೆಯ ಮಡಿಲಿನ ಮೇಲಿಂದ ಕೈ ಚಾಚಿ ಕೀಲಿ ತಿರುಗಿಸಿದೆ. ಇಂಜಿನ್ ನಿಂತಿತು. ಒಳಗಿನಿಂದ ಭೀಮರಾವ್ ಮಾಸ್ತರರ ದನಿ ಕೇಳಿತು: "ಆಚಾರ್ರ, ಈ ಕಡಿ ಇನ್ನೊಂದು ಸೌಟು ಸಾರು."