ಕಂಪನಿಯವರು ಮಾಡಿದ ಅಡುಗೆ

ಚಿಂತಾಮಣಿಯ ಒಂದು ಕಲ್ಯಾಣ ಮಂಟಪದಲ್ಲಿ ಮನೆಸಾಮಾನುಗಳ ಪ್ರದರ್ಶನ ನಡೆಯುತ್ತಿತ್ತು. ಶಿಕ್ಷಕರ ತರಬೇತಿಗೆಂದು ಹೋದವಳು, ಶಿಡ್ಲಘಟ್ಟದ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಒಳಗೆ ಹೋದೆ. ಬಾಗಿಲಲ್ಲಿ ಒಬ್ಬಳು ಹೆಂಗಸು ಚೀಟಿ ಕೊಟ್ಟು, ಹೆಸರು, ಫೋನ್ ನಂಬರ್ ಬರೆದು ಡಬ್ಬಿಗೆ ಹಾಕಿ ಅಂದಳು. ಹಾಕಿದೆ, ಮರೆತೆ.

ಹತ್ತು ದಿನದ ಮೇಲೆ ಫೋನ್ ಬಂತು.

"ಮೇಡಂ, ನಿಮ್ಮ ಚೀಟಿ ಸೆಲೆಕ್ಟ್ ಆಗಿದೆ. ಭಾನುವಾರ ಮಧ್ಯಾಹ್ನ ನಮ್ಮ ಕಂಪನಿಯೋರೇ ನಿಮ್ಮ ಮನೆಗೆ ಬಂದು ಅಡುಗೆ ಮಾಡಿ ಬಡಿಸ್ತಾರೆ. ಸಾಮಾನು ನಮ್ಮದೇ. ನೀವು ಐದು ಜೋಡೀನ ಕರೀಬೇಕು ಅಷ್ಟೆ. ಗಂಡ ಹೆಂಡ್ತಿ ಇಬ್ರೂ ಬರ್ಬೇಕು. ಬಂದೋರಿಗೆಲ್ಲ ಗಿಫ್ಟ್ ಇದೆ. ನಿಮಗೆ ಕರೆಂಟ್ ಒಲೆ ಫ್ರೀ."

ಪಾತ್ರೆ ಮಾರುವವರು ಇವರು ಎಂಬುದು ನನಗೆ ಆಗಲೇ ತಿಳಿಯಿತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಅಷ್ಟು ತಿಳಿಯದವಳಲ್ಲ. ಕರೆಂಟ್ ಒಲೆಯ ಮೇಲೂ ಆಸೆಯಿರಲಿಲ್ಲ. ಆದರೂ ಒಪ್ಪಿಕೊಂಡೆ. ಯಾಕೆಂದು ಹೇಳಬೇಕಾದರೆ ನಮ್ಮ ಮನೆಯ ಗೃಹಪ್ರವೇಶದ ಮಾತು ಹೇಳಬೇಕು.

ನಾವು ಪರಿಶಿಷ್ಟ ಜಾತಿಯವರು. ನನ್ನ ಗಂಡನ ಮನೆಯವರು ಜಂಗಮಕೋಟೆ ಕಡೆಯವರು, ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಬೌದ್ಧರಾಗಿದ್ದರು. ಗಂಡ ತಾಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಶಿಡ್ಲಘಟ್ಟದ ಹೊಸ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿದಾಗ, ಊಟಕ್ಕೆ ಹೊರಗಿನ ಅಡುಗೆಯವರನ್ನು ಕರೆಸೋಣ, ಹಾಗಾದರೆ ಬೀದಿಯವರೂ ಊಟ ಮಾಡುತ್ತಾರೆ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ನನ್ನ ಗಂಡ ಒಪ್ಪಲಿಲ್ಲ. "ನಮ್ಮನೆ ಊಟ ನಮ್ಮೋರೇ ಮಾಡ್ತಾರೆ," ಅಂದರು. ಅತ್ತೆಯ ತಮ್ಮಂದಿರು ಬಂದು ಅಡುಗೆ ಮಾಡಿದರು. ಬೀದಿಯವರೆಲ್ಲ ಬಂದರು. ಮನೆ ನೋಡಿದರು, ಕಿಟಕಿಯ ಮರ ಯಾವುದೆಂದು ಕೇಳಿದರು, ಕೊಟ್ಟ ತೆಂಗಿನಕಾಯಿ ಬಾಳೆಹಣ್ಣು ತೆಗೆದುಕೊಂಡರು. ಊಟಕ್ಕೆ ಏಳಿ ಅಂದಾಗ ಒಬ್ಬರಿಗೆ ಉಪವಾಸ, ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರು ಮನೆಯಲ್ಲಿ ಮಾಡಿಟ್ಟು ಬಂದಿದ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಉಳಿದ ಅನ್ನವನ್ನು ಸಂಜೆ ಟೆಂಪೋದಲ್ಲಿ ಊರಿಗೆ ಕಳಿಸಿದೆವು.

ಅದಾಗಿ ಆರು ವರ್ಷವಾಗಿತ್ತು. ಇಷ್ಟರಲ್ಲಿ ಬೀದಿಯವರೊಡನೆ ಒಳ್ಳೆಯ ಬಳಕೆಯೇ ಬೆಳೆದಿತ್ತು. ಅದರಲ್ಲೂ ಎದುರುಮನೆಯ ಅಕ್ಕ. ಮೇಲೂರಿನ ಹತ್ತಿರ ಅವರಿಗೆ ದ್ರಾಕ್ಷಿ ತೋಟವಿದೆ. ಕೊಯ್ಲಾದಾಗ ಮೊದಲ ಬುಟ್ಟಿ ನಮ್ಮ ಮನೆಗೇ. ನನಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ಕೂತಿದ್ದವರು ಅವರೇ. ಆದರೆ ನಮ್ಮ ಮನೆಯಲ್ಲಿ ಒಲೆಯ ಮೇಲೆ ಬೆಂದದ್ದನ್ನು ಅವರು ಬಾಯಿಗೆ ಹಾಕಿದ್ದನ್ನು ನಾನು ನೋಡಿರಲಿಲ್ಲ.

ಹಾಗಾಗಿ ಆ ಫೋನ್ ಬಂದಾಗ ನನ್ನ ಮನಸ್ಸಿಗೆ ಹೊಳೆದದ್ದು ಒಂದೇ: ಊಟಕ್ಕೆ ಕರೆಯಲು ನೆಪ ಸಿಕ್ಕಿತು.

ಗಂಡ ಕೇಳಿದರು, "ಐದು ಜೋಡಿ ತಾನೇ? ಊರಿಂದ ನಮ್ಮೋರ್ನೇ ಕರಿಯಣ."

"ಇಲ್ಲ, ಬೀದಿಯೋರ್ನ ಕರೀತೀನಿ," ಅಂದೆ.

ಅವರು ನನ್ನ ಮುಖ ನೋಡಿದರು.

ಗಿಫ್ಟ್ ಇದೆ ಎಂದು ಹೇಳಿದ್ದಕ್ಕೋ ಏನೋ, ಐದು ಜೋಡಿಯೂ ಬಂದರು. ಎದುರುಮನೆಯ ಅಕ್ಕ ಜರಿಯಂಚಿನ ಸೀರೆ ಉಟ್ಟುಕೊಂಡು ಗಂಡನ ಜೊತೆ ಎಲ್ಲರಿಗಿಂತ ಮೊದಲೇ ಬಂದರು. ಹಾಲಿನಲ್ಲಿ ಕುರ್ಚಿ ಸಾಲದೆ ಚಾಪೆ ಹಾಸಿದೆವು.

ಕಂಪನಿಯವನಿಗೆ ನಲವತ್ತರ ಹತ್ತಿರ ವಯಸ್ಸು. ಟೈ ಕಟ್ಟಿದ್ದ. ಕಾರಿನಿಂದ ತಾನೇ ನಾಲ್ಕು ಸಲ ಓಡಾಡಿ ಪೆಟ್ಟಿಗೆಗಳನ್ನು ಒಳಗೆ ತಂದ. ಕನ್ನಡಿಯಂತೆ ಹೊಳೆಯುವ ಸ್ಟೀಲ್ ಪಾತ್ರೆಗಳು, ಕರೆಂಟ್ ಒಲೆ, ಹೆಚ್ಚಿಟ್ಟ ತರಕಾರಿ, ಅಡಕೆ ಹಾಳೆಯ ತಟ್ಟೆಗಳು. ನೀರಿನ ಕ್ಯಾನನ್ನೂ ತಂದಿದ್ದ. "ಈ ಕಡೆ ಬೋರ್‌ವೆಲ್ ನೀರು ಗಡಸು ಮೇಡಂ, ಪಾತ್ರೆ ಮೇಲೆ ಕಲೆ ಕೂರುತ್ತೆ," ಅಂದ. ಅಡುಗೆಮನೆಗೆ ಅವನು ಹೋಗಲೇ ಇಲ್ಲ. ಹಾಲಿನಲ್ಲೇ ಮೇಜು ಹಾಕಿಕೊಂಡು ಎಲ್ಲರ ಎದುರಿಗೇ ಎಣ್ಣೆ ಇಲ್ಲದೆ ಪಲ್ಯ ಮಾಡಿದ, ಪಲಾವ್ ಮಾಡಿದ, ಬಾಣಲೆಯಲ್ಲೇ ಕೇಕ್ ಬೇಯಿಸಿದ. ಮಾತು ನಿಲ್ಲಿಸಲಿಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು, ಆಸ್ಪತ್ರೆ ಬಿಲ್ಲು, ಎಲ್ಲಕ್ಕೂ ಮೂಲ ನಾವು ಬೇಯಿಸುವ ಪಾತ್ರೆ ಎಂದು ಹೇಳಿದ.

ಆಮೇಲೆ ಕೇಳಿದ, "ಮೇಡಂ, ನೀವು ದಿನಾ ಅಡುಗೆ ಮಾಡೋ ಅಲ್ಯೂಮಿನಿಯಂ ಪಾತ್ರೆ ಒಂದು ಕೊಡಿ."

ಅತ್ತೆ ಸಣ್ಣ ತಪ್ಪಲೆಯೊಂದನ್ನು ತಂದುಕೊಟ್ಟರು. ಅವನು ಅದಕ್ಕೊಂದಿಷ್ಟು ನೀರು, ತನ್ನ ಸ್ಟೀಲ್ ಪಾತ್ರೆಗೊಂದಿಷ್ಟು ನೀರು ಹಾಕಿ, ಎರಡಕ್ಕೂ ಒಂದೊಂದು ಚಮಚ ಸೋಡಾಪುಡಿ ಬೆರೆಸಿ ಕುದಿಸಿದ. ಎರಡು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದ. ನಮ್ಮ ತಪ್ಪಲೆಯ ನೀರು ಮಬ್ಬಾಗಿತ್ತು.

"ನೋಡಿ. ಇದನ್ನೇ ನೀವು ನಿಮ್ಮ ಯಜಮಾನ್ರಿಗೆ ದಿನಾ ಬಡಿಸ್ತಿರೋದು."

ಹೆಂಗಸರೆಲ್ಲ ಲೋಟವನ್ನು ಇಣುಕಿ ನೋಡಿದರು. ಅತ್ತೆ ಸೆರಗನ್ನು ಬಾಯಿಗೆ ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದರು.

ಹತ್ತನೇ ತರಗತಿಗೆ ಆ ಪಾಠವನ್ನು ಪ್ರತಿ ವರ್ಷ ಮಾಡುವವಳು ನಾನು. ಸೋಡಾ ಹಾಕಿ ಕುದಿಸಿದರೆ ಅಲ್ಯೂಮಿನಿಯಂ ಕರಗುತ್ತದೆ, ಅಷ್ಟು ಸೋಡಾ ಯಾರೂ ಸಾರಿಗೆ ಹಾಕುವುದಿಲ್ಲ, ಇದು ಹೆದರಿಸುವ ಆಟ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳಿದರೆ ಅವನು ಸಾಮಾನು ಕಟ್ಟಿಕೊಂಡು ಹೊರಡುತ್ತಾನೆ, ಊಟ ನಿಂತುಹೋಗುತ್ತದೆ ಎಂದು ಹೆದರಿದೆ. ಅತ್ತೆ ಇಷ್ಟು ವರ್ಷ ಬೇಯಿಸಿ ಹಾಕಿದ್ದು ವಿಷ ಎಂದು ಹತ್ತು ಜನರ ಮುಂದೆ ಒಬ್ಬ ಹೇಳುತ್ತಿದ್ದಾಗ ನಾನು ಸುಮ್ಮನೆ ನಿಂತಿದ್ದೆ. ಆ ದಿನ ನಾನು ಮಾಡಿದ್ದರಲ್ಲಿ ಇವತ್ತಿಗೂ ನನ್ನನ್ನು ಚುಚ್ಚುವುದು ಇದೇ.

ಅವನು ಹಾಳೆ ತಟ್ಟೆಗಳಿಗೆ ಬಡಿಸಿ ಕೊಟ್ಟ. ನಾನೂ ಕೈಜೋಡಿಸಿದೆ. ಎಲ್ಲರೂ ಊಟ ಮಾಡಿದರು. ಎದುರುಮನೆಯ ಅಕ್ಕ ಪಲಾವನ್ನು ಎರಡನೆಯ ಸಲ ಹಾಕಿಸಿಕೊಂಡರು. ನಮ್ಮ ಹಾಲಿನಲ್ಲಿ, ಬುದ್ಧನ ಪಟದ ಕೆಳಗೆ ಕೂತು ಅವರೆಲ್ಲ ಉಣ್ಣುವುದನ್ನು ನೋಡುತ್ತ ನಿಂತೆ. ಗಂಡನ ಕಡೆ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಊಟವಾದ ಮೇಲೆ ಅವನ ದನಿ ಬದಲಾಯಿತು. ಒಂದೊಂದೇ ಜೋಡಿಯನ್ನು ರೂಮಿಗೆ ಕರೆದು ಮಾತಾಡಿದ. ಇವತ್ತು ಬುಕ್ ಮಾಡಿದರೆ ಮಿಕ್ಸಿ ಉಚಿತ, ಚಾಕುಗಳ ಸೆಟ್ ಉಚಿತ, ನಾಳೆಗೆ ಈ ಬೆಲೆ ಇಲ್ಲ. ಒಳಗೆ ಹೋದವರೆಲ್ಲ ಮಗನನ್ನು ಕೇಳಿ ಹೇಳುತ್ತೇವೆ, ಮುಂದಿನ ತಿಂಗಳು ನೋಡೋಣ ಎಂದು ಜಾರಿಕೊಂಡು ಹೊರಗೆ ಬಂದರು. ಆದರೆ ಯಾರೂ ಮನೆಗೆ ಹೊರಡಲಿಲ್ಲ. ಗಿಫ್ಟ್ ಇನ್ನೂ ಕೊಟ್ಟಿರಲಿಲ್ಲ.

ಕೊನೆಗೆ ಅವನು ಹಾಲಿನ ಮಧ್ಯದಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ನನಗೆ ಹೇಳಿದ.

"ಮೇಡಂ, ನಾನು ಸುಳ್ಳು ಹೇಳಲ್ಲ. ಒಂದು ಬುಕಿಂಗ್ ಆದ್ರೂ ಆಗದಿದ್ರೆ ಗಿಫ್ಟ್ ಕೊಡೋಕೆ ನನಗೆ ಪರ್ಮಿಷನ್ ಇಲ್ಲ. ನಿಮ್ಮ ಮಾತಿನ ಮೇಲೆ ಇಷ್ಟು ಜನ ಬಂದಿದಾರೆ. ಬರಿಗೈಲಿ ಕಳಿಸೋಕೆ ನಿಮಗೆ ಮನಸ್ಸು ಬರುತ್ತಾ?"

ಹತ್ತು ಜನರೂ ನನ್ನನ್ನೇ ನೋಡಿದರು.

ಎದುರುಮನೆಯ ಅಕ್ಕ ನಗುತ್ತ ಅಂದರು, "ತಗೊಳಮ್ಮ ಟೀಚರಮ್ಮ. ನಿಮಗೇನು, ಇಬ್ರೂ ಸಂಬಳದೋರು. ಮನೇಲಿರಲಿ. ಇನ್ನೊಂದಿನ ಇದರಲ್ಲೇ ಅಡುಗೆ ಮಾಡಿ ನಮ್ಮನ್ನ ಕರೀವಂತೆ."

ಆ ಕೊನೆಯ ಮಾತು ನನ್ನನ್ನು ಕೆಡಿಸಿತು. ಬೆಲೆ ನನ್ನ ಎರಡು ತಿಂಗಳ ಸಂಬಳದಷ್ಟಿತ್ತು. ಬೀರುವಿನಿಂದ ಕಾರ್ಡು ತಂದು ಅವನ ಕೈಗೆ ಕೊಟ್ಟೆ. ಗಂಡ ತಡೆಯುತ್ತಾರೇನೋ ಎಂದು ಒಂದು ಗಳಿಗೆ ಕಾದೆ. ತಡೆಯಲಿಲ್ಲ.

ಜೋಡಿಗೊಂದರಂತೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಟ್ಟ. ನನ್ನ ಪಾತ್ರೆಗಳೂ ಕರೆಂಟ್ ಒಲೆಯೂ ಆಮೇಲೆ ಬರುತ್ತವೆ ಅಂದ. ಎಲ್ಲರೂ ಅದನ್ನು ತಿರುಗಿಸಿ ನೋಡಿ, ಕೈಚೀಲದಲ್ಲಿಟ್ಟುಕೊಂಡು ಹೋದರು.

ಅವನು ಪಾತ್ರೆ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. ತಾನು ಮಾಡಿದ್ದನ್ನು ಅವನು ತಿಂದಿರಲಿಲ್ಲ, ಉಳಿದಿರಲೂ ಇಲ್ಲ. ಅತ್ತೆ ಕೇಳಿದರು, "ಏನಪ್ಪ, ನಿಂದು ಊಟ?"

"ಗೌರಿಬಿದನೂರಲ್ಲಿ ಸಾಯಂಕಾಲ ಇನ್ನೊಂದು ಮನೆ ಇದೆ ಅಮ್ಮ. ಹೋಗ್ತಾ ದಾರೀಲಿ ನೋಡ್ಕೊತೀನಿ."

"ಮುದ್ದೆ ಇದೆ, ಸೊಪ್ಪಿನ ಸಾರಿದೆ. ಉಣ್ತೀಯಾ?"

ಅವನು ಕೈಗಡಿಯಾರ ನೋಡಿಕೊಂಡ. ಆಮೇಲೆ ಟೈ ಸಡಿಲಿಸಿ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತ. ಅತ್ತೆ ಬೆಳಿಗ್ಗೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ತಿರುವಿದ ಮುದ್ದೆ ಅದು. ಎರಡು ಮುದ್ದೆ ಉಂಡ. ತಾನು ಮಂಚೇನಹಳ್ಳಿ ಕಡೆಯವನು, ಮೊದಲು ಬಟ್ಟೆ ಅಂಗಡಿ ಇಟ್ಟಿದ್ದೆ, ಅದು ಮುಳುಗಿತು ಎಂದು ಹೇಳಿದ. ನಮ್ಮ ಜಾತಿ ಅವನಿಗೆ ಗೊತ್ತಿತ್ತೋ ಇಲ್ಲವೋ, ಅವನದ್ದು ಯಾವುದೋ, ಯಾರೂ ಕೇಳಲಿಲ್ಲ. ಕೈ ತೊಳೆದು ಬಂದವನು ಅತ್ತೆಗೆ, "ಆ ಸೋಡಾ ವಿಷಯ ಮನಸ್ಸಿಗೆ ಹಚ್ಕೊಬೇಡಿ ಅಮ್ಮ, ಅದು ಹೇಳಲೇಬೇಕು ನಾವು," ಅಂದು ಹೋದ.

ಅವನು ಹೋದ ಮೇಲೆ ನಾನು ಅತ್ತೆಗೆ ಹೇಳಿದೆ, "ನಾನು ಆಗಲೇ ಹೇಳಬೇಕಿತ್ತು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು."

"ನಂಗೂ ಗೊತ್ತಿತ್ತು ಬಿಡಮ್ಮ," ಅಂದರು. "ನಾನೇನು ಇವತ್ತು ಸತ್ತೋದ್ನಾ?"

ಹತ್ತು ದಿನದೊಳಗೆ ವಾಪಸ್ ಮಾಡಬಹುದೆಂದು ರಸೀದಿಯಲ್ಲಿ ಬರೆದಿತ್ತು. ಗಂಡ ಅದನ್ನು ಓದಿ ತೋರಿಸಿದರು. ನಾನು ಬೇಡ ಅಂದೆ. ಪಾತ್ರೆ ಬಂದ ವಾರವೇ ಭಾನುವಾರ ಅವರೆಕಾಳು ಸಾರು, ಅನ್ನ, ಪಾಯಸ ಮಾಡಿದೆ. ಎಲ್ಲ ಹೊಸ ಪಾತ್ರೆಯಲ್ಲೇ. ಎದುರುಮನೆಗೆ ಹೋಗಿ ಕರೆದೆ.

ಅಕ್ಕ ವರಾಂಡದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. "ಅಯ್ಯೋ, ಇವತ್ತು ಆಗಲ್ಲಮ್ಮ. ಆಗಲೇ ಉಂಡ್ವಿ," ಅಂದರು. ಗಂಟೆ ಹನ್ನೊಂದೂವರೆ.

ನಾನು ಹಿಂದಿರುಗಿ ಬರಬಹುದಿತ್ತು. ಆರು ವರ್ಷವೂ ಹಾಗೆಯೇ ಬಂದಿದ್ದೆ. ಅಂದು ಮಾತ್ರ ಅಲ್ಲೇ ನಿಂತೆ.

"ಮೊನ್ನೆ ಉಂಡ್ರಲ್ಲ ಅಕ್ಕ, ನಮ್ಮನೇಲಿ."

ಅವರು ಹುಣಸೆಬೀಜವನ್ನು ಮೊರಕ್ಕೆ ಹಾಕಿ, ಯಾವ ಕಪಟವೂ ಇಲ್ಲದ ಮುಖದಲ್ಲಿ ನನ್ನನ್ನು ನೋಡಿದರು. "ಅದು ಕಂಪನಿಯೋರು ಮಾಡಿದ್ದಲ್ವೇನಮ್ಮ? ನೀರೂ ಅವರದ್ದೇ, ತಟ್ಟೇನೂ ಅವರದ್ದೇ." ಆಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ತಿಳಿದಿರಬೇಕು. ತಲೆ ತಗ್ಗಿಸಿದರು. "ನನಗೇನಿಲ್ಲಮ್ಮ. ನಮ್ಮತ್ತೆ ಇದಾರೆ, ಅವರ ಕಡೆಯೋರಿದಾರೆ. ನಿಂಗೊತ್ತಲ್ಲ."

"ಗೊತ್ತು ಅಕ್ಕ," ಅಂದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ನಾನು ಹೇಳಿರಲಿಲ್ಲವೇ ಅನ್ನಲಿಲ್ಲ. "ಕಾರ್ಡ್ ಕೊಡುವಾಗ್ಲೇ ನಿನ್ನ ಮುಖ ನೋಡ್ದೆ. ಯಾಕೆ ಕೊಡ್ತಿದೀಯ ಅಂತ ಗೊತ್ತಾಯ್ತು. ಹತ್ತು ಜನರ ಮುಂದೆ ನಿನ್ನ ಕೈ ತಡೆಯೋಕೆ ಮನಸ್ಸು ಬರ್ಲಿಲ್ಲ," ಅಂದರು. ಅತ್ತೆ ಮೂವರಿಗೂ ತಟ್ಟೆ ಹಾಕಿದರು. ಪಾಯಸ ಬಡಿಸುತ್ತ, "ನಮ್ಮನೆ ಅನ್ನ ಉಂಡಿದ್ದು ಆ ಪಾತ್ರೆ ಮಾರೋನೊಬ್ಬನೇ," ಅಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಮಾರನೆಯ ವಾರ ಶಾಲೆಯಿಂದ ಬರುವಾಗ ಎದುರುಮನೆಯ ಅಕ್ಕ ಗೇಟಿನ ಹತ್ತಿರ ಕೂಗಿ ಕಾಫಿ ತಂದರು. ಎಷ್ಟೋ ಸಲ ಕುಡಿದಿದ್ದೆ. ಅಂದು, "ಬೇಡ ಅಕ್ಕ, ಈಗ ತಾನೇ ಕುಡಿದೆ," ಅಂದೆ. ಅವರು ಲೋಟ ಹಿಡಿದುಕೊಂಡೇ ನಿಂತರು. ಅವರ ಮುಖ ಸಪ್ಪಗಾದದ್ದು ಕಂಡು ನನಗೆ ಒಳಗೊಳಗೆ ಹಿತವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ರಾತ್ರಿ ಅಡುಗೆ ಮಾಡುವಾಗ ಅತ್ತೆಗೆ ಹೇಳಿದೆ. ಅವರು ಮೆಚ್ಚಲಿಲ್ಲ.

"ಕೊಟ್ಟಿದ್ದನ್ನ ಬೇಡ ಅನ್ನೋದು ಅವರ ಬುದ್ಧಿ ಕಣಮ್ಮ. ನಮಗ್ಯಾಕೆ ಬರ್ಬೇಕು ಅದು?"

ಅತ್ತೆಯಷ್ಟು ದೊಡ್ಡ ಮನಸ್ಸು ನನಗಿಲ್ಲ, ಇರಬೇಕೆಂಬ ಆಸೆಯೂ ಆಗ ಇರಲಿಲ್ಲ. ಮೂರ್ನಾಲ್ಕು ವಾರ ನಾನು ಶಾಲೆಯಿಂದ ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಬಂದೆ. ಆಮೇಲೊಂದು ದಿನ ಮಳೆ ಬಂದು ಆ ದಾರಿಯಲ್ಲಿ ನೀರು ನಿಂತಿತ್ತು. ಎದುರುಮನೆಯ ಮುಂದೆಯೇ ಬರಬೇಕಾಯಿತು. ಅಕ್ಕ ಒಳಗೆ ಹೋಗಿ ಕಾಫಿ ತಂದರು. ತೆಗೆದುಕೊಂಡೆ. ಗೇಟಿಗೆ ಒರಗಿ ನಿಂತು ಕುಡಿದೆ. ಈ ಮಳೆಗೆ ದ್ರಾಕ್ಷಿ ಒಡೆಯುತ್ತದೆ ಎಂದು ಅವರು ಹೇಳಿದರು. ಹೌದು ಅಕ್ಕ, ಒಡೆಯುತ್ತೆ ಅಂದೆ.

ಆ ಬೀದಿಯಲ್ಲಿ ಯಾರನ್ನೂ ನಾನು ಮತ್ತೆ ಊಟಕ್ಕೆ ಕರೆದಿಲ್ಲ. ಅವರಾಗಿ ಕೇಳುವವರೆಗೆ ಕರೆಯುವುದೂ ಇಲ್ಲ.