ಕಸದ ಗಾಡಿಯ ಗೇಟು

ಬೆಳಿಗ್ಗೆ ಬ್ಯಾಗಿನಲ್ಲಿ ಪೆನ್ನು ಹುಡುಕುತ್ತಿದ್ದಾಗ ಬೆರಳಿಗೆ ಸುತ್ತಿಕೊಂಡಿದ್ದು ದರ್ಜಿಗಳ ಟೇಪು. ಹಳದಿ ಮಾಸಿ, ಅಂಚು ಬಿಟ್ಟು, ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಹಿಡಿದ ಟೇಪು. ಅದರ ಮೇಲೊಂದು ನೀಲಿ ಗೆರೆಯಿದೆ. ಅದು ಯಾರ ಎದೆಯ ಸುತ್ತಳತೆಯೂ ಅಲ್ಲ, ಯಾರ ತೋಳಿನ ಉದ್ದವೂ ಅಲ್ಲ. ನಮ್ಮ ಮಾದೇವಿ ಅತ್ತೆಯ ಗಾಲಿಕುರ್ಚಿಯ ಅಗಲ. ಟೇಪನ್ನು ಅವಳಿಗೆ ವಾಪಸ್ ಕೊಡಬೇಕಿತ್ತು. ಮೂಸಿ ನೋಡಿ ಮತ್ತೆ ಬ್ಯಾಗಿಗೇ ಹಾಕಿಕೊಂಡೆ. ಯಾಕೆ ಅಂತ ನೀವು ಕೇಳಿದರೆ ಅತ್ತೆಯ ವಿಷಯದಿಂದಲೇ ಶುರು ಮಾಡಬೇಕಾಗುತ್ತದೆ.

ಮಾದೇವಿ ಅತ್ತೆ ಅಪ್ಪನ ತಂಗಿ. ಮಗುವಾಗಿದ್ದಾಗಲೇ ಪೋಲಿಯೊ ಬಂದು ಕಾಲು ಸೋತವು. ಈಗ ನಂಜನಗೂಡಿನಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿದೆ. ನಾನು ಚಿಕ್ಕವಳಿದ್ದಾಗ ದೇವನೂರಿನಲ್ಲಿ ನಮ್ಮ ಜೊತೆಗೇ ಇದ್ದಳು. ರಜೆ ಬಂದರೆ ನಾವು ಮಕ್ಕಳೆಲ್ಲ ಊರಾಚೆಯ ಕುರುಚಲು ಕಾಡಿಗೆ ಕಾರೆಹಣ್ಣು, ಎಲಚಿಹಣ್ಣು ಕೀಳಲು ಹೋಗುತ್ತಿದ್ದೆವು. ಬರುವಾಗ ಜಗಲಿಯ ಮೇಲೆ ಅತ್ತೆ ಕೂತಿರುತ್ತಿದ್ದಳು. ಅವಳ ಪಾಲಿನ ಹಣ್ಣು ಕೊಟ್ಟು ಓಡಿಬಿಡೋಣ ಅಂದರೆ ಆಗುತ್ತಿರಲಿಲ್ಲ. ಮೊದಲ ಪ್ರಶ್ನೆ ಯಾವತ್ತೂ ಒಂದೇ.

“ಒಳಕ್ಕೋದ್ಮೇಲೆ ಮೊದ್ಲು ಏನ್ ಕೇಳುಸ್ತಮ್ಮಿ?”

ಆಮೇಲೆ ಒಂದರ ಹಿಂದೊಂದು. ಬಿಸಿಲು ಎಡಕ್ಕಿತ್ತೋ ಬಲಕ್ಕಿತ್ತೋ, ಹಣ್ಣಿನ ಗಿಡದ ಬುಡದಲ್ಲಿ ಇರುವೆ ಇತ್ತೋ ಇಲ್ಲವೋ. ಒಂದು ಸಲ ನರಿ ನೋಡಿದೆ ಅಂತ ಬುರುಡೆ ಬಿಟ್ಟೆ. ಯಾವ ಕಡೆಯಿಂದ ಬಂತು, ಬಾಲ ಎತ್ತಿತ್ತೋ ಇಳಿಸಿತ್ತೋ, ನಿನ್ನ ನೋಡಿ ನಿಂತಿತೋ ಓಡಿತೋ ಅಂತ ಕೇಳುತ್ತಾ ಹೋದಳು. ನಾನು ಬೆವರಿ ಬಾಯಿಮುಚ್ಚುವ ಹೊತ್ತಿಗೆ ನನ್ನ ನರಿ ಪಕ್ಕದ ಮನೆಯ ಕೆಂದನಾಯಿಯಾಗಿತ್ತು.

ಮುಂದೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತೆ. ಎದುರಾಳಿಯನ್ನು ಪ್ರಶ್ನೆಯಲ್ಲೇ ಸುತ್ತುಗಟ್ಟುತ್ತೀಯ ಅಂತ ತೀರ್ಪುಗಾರರು ಹೊಗಳಿದಾಗ, ಇದೆಲ್ಲ ನನ್ನ ಸ್ವಂತ ಪ್ರತಿಭೆ ಅಂತಲೇ ತಿಳಿದಿದ್ದೆ. ಗೆದ್ದ ಕಪ್ಪುಗಳಲ್ಲಿ ದೊಡ್ಡದು ಈಗ ಅತ್ತೆಯ ಅಂಗಡಿಯಲ್ಲಿದೆ, ಅಂಗಿಯ ಗುಂಡಿಗಳನ್ನು ತುಂಬಿಕೊಂಡು. ನನ್ನ ವಾದದಿಂದ ಲೋಕಕ್ಕಾದ ಉಪಯೋಗ ಅದೊಂದೇ ಎಂಬುದು ಅವಳ ಅಭಿಪ್ರಾಯ. ಪ್ರತಿವಾದ ಮಂಡಿಸಲು ನನ್ನಲ್ಲಿ ಸಾಕ್ಷ್ಯ ಸಾಲದು.

ಹೋದ ತಿಂಗಳು ಫೋನಿಗೆ ಒಂದು ವಿಡಿಯೊ ಬಂತು. ನರಸೀಪುರದ ಕಡೆ, ಹೊಳೆದಂಡೆಯ ಮರಗಳ ನಡುವೆ, ನೆಲದಿಂದ ಗೇಣೆತ್ತರಕ್ಕೆ ಹಲಗೆ ಹಾಸಿ ನಡೆಯಲು ದಾರಿ ಮಾಡಿದ್ದಾರೆ. ಕೆಳಗೆ ‘ಎಲ್ಲರಿಗೂ ಸುಲಭ’ ಎಂದು ಬರೆದಿತ್ತು. ನನಗೆ ‘ಎಲ್ಲರೂ’ ಅನ್ನುವ ಪದ ಕಂಡರೆ ಮೈ ಉರಿಯುತ್ತದೆ. ಎಲ್ಲರೂ ಅಂದರೆ ಯಾರು? ಎಣಿಸಿದವರು ಯಾರು? ಹಾಗಂತ ಗೇಲಿ ಮಾಡಲೆಂದೇ ಅತ್ತೆಗೆ ತೋರಿಸಿದೆ. ಅವಳು ಕತ್ತರಿ ಕೆಳಗಿಟ್ಟು, ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮುಗಿದ ಮೇಲೆ ಮತ್ತೆ ಹಾಕಿಸಿಕೊಂಡು ನೋಡಿದಳು. ಹಲಗೆಯ ಸಂದಿ ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ ಎಂದು ಕೇಳಿದಳು. ಉದ್ದಕ್ಕಿದ್ದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ಆಗ ಗೊತ್ತಾಯಿತು, ಅವಳಿಗೆ ಹೋಗಬೇಕಾಗಿದೆ.

ವಿಡಿಯೊದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಎತ್ತಿಕೊಂಡಾತ ಅಲ್ಲಿನ ಕಾವಲುಗಾರ ಶಿವಣ್ಣ. ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಅಂತ ಕೇಳಿದರೆ, “ಬನ್ನಿ ಮೇಡಂ, ಏನೂ ತೊಂದ್ರೆ ಇಲ್ಲ. ನಾಕ್ ಜನ ಅವ್ರೆ, ಎತ್ಕೊಂಡೋಯ್ತೀವಿ” ಅಂದ.

ನಮ್ಮ ಕಡೆ ಎಲ್ಲಿ ಕೇಳಿದರೂ ಉತ್ತರ ಇದೇ. ಛತ್ರದಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ. ಅದರಲ್ಲಿ ಸುಳ್ಳಿಲ್ಲ, ನಿಜವಾಗಿಯೂ ನಾಲ್ಕು ಜನ ಬರುತ್ತಾರೆ, ನಗುನಗುತ್ತಲೇ ಎತ್ತುತ್ತಾರೆ. ಕೆಟ್ಟವರ ವಿರುದ್ಧ ವಾದ ಮಾಡುವುದನ್ನು ನಾನು ಕಲಿತಿದ್ದೇನೆ. ಈ ಒಳ್ಳೆಯತನದ ವಿರುದ್ಧ ಏನಂತ ಮಾಡುವುದು?

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತೆ ಮತ್ತೆ ಕತ್ತರಿ ಎತ್ತಿಕೊಂಡು, ಹಾಗಾದರೆ ಬೇಡ ಅಂದಳು. ನಾನು ಬಿಡಲಿಲ್ಲ. ಬಾಗಿಲಲ್ಲಿ ಒಂದು ಕ್ಷಣ ಎತ್ತಿದರೆ ಏನು ಗಂಟು ಹೋಗುತ್ತದೆ, ಕಾಡು ದೊಡ್ಡದೋ ಹಟ ದೊಡ್ಡದೋ ಅಂತ ಕೆಣಕಿದೆ. ಬಟ್ಟೆ ಕತ್ತರಿಸುತ್ತಲೇ ಹೇಳಿದಳು.

“ನಿಮ್ಮಪ್ಪ ಒಂದ್ಸಲ ಬೆನ್ ಮ್ಯಾಲೆ ಕೂರುಸ್ಕೊಂಡು ಕಾಡ್ಗೆ ಕರ್ಕೊಂಡೋಗಿದ್ದ. ಬೆನ್ ಮ್ಯಾಲೆ ಕೂತೋಳ್ಗೆ ಕಾಡು ಕಾಣಲ್ಲ ಕನಮ್ಮಿ. ಒತ್ಕೊಂಡೋನ್ ಏದುಸ್ರು ಕೇಳ್ತದೆ, ಅಷ್ಟೇಯ. ವಸಿ ನಿಂತ್ಕೊ ಅನ್ನಕೂ ಬಾಯಿ ಬರಲ್ಲ.”

ಉತ್ತರ ಹೊಳೆಯದಿದ್ದಾಗ ನಾನು ಸಾಕ್ಷ್ಯ ಹುಡುಕಿಕೊಂಡು ಹೋಗುವವಳು. ನಾನೇ ಹೋಗಿ ನೋಡಿ ಬರುತ್ತೇನೆ ಅಂದೆ. ಅತ್ತೆ ಟೇಪನ್ನು ಕುರ್ಚಿಯ ಗಾಲಿಯಿಂದ ಗಾಲಿಗೆ ಹಿಡಿದು, ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಳು. ಬಾಗಿಲು ಈ ಗೆರೆಗಿಂತ ಅಗಲವಿದ್ದರೆ ಬರುತ್ತೇನೆ, ಇಲ್ಲದಿದ್ದರೆ ಈ ಮಾತು ಇಲ್ಲಿಗೆ ಮುಗಿಯಿತು ಅಂದಳು.

ಬಸ್ಸು ಹಿಡಿದು ನರಸೀಪುರ, ಅಲ್ಲಿಂದ ಆಟೊ. ಹಲಗೆ ದಾರಿಯ ಬಾಯಲ್ಲಿ, ದನ, ಬೈಕು ನುಗ್ಗದಿರಲೆಂದು ಕಬ್ಬಿಣದ ಕಂಬಿಗಳನ್ನು ಸೊಟ್ಟಸೊಟ್ಟಗೆ ನೆಟ್ಟಿದ್ದರು. ಟೇಪು ಹಿಡಿದೆ. ನೀಲಿ ಗೆರೆ ಕಂಬಿಯ ಆಚೆ ಉಳಿಯಿತು. ನಿಮ್ಮಲ್ಲಿ ಮುಚ್ಚಿಡುವುದೇನು, ಮೊದಲು ನನಗೆ ಖುಷಿಯೇ ಆಯಿತು: ‘ಎಲ್ಲರಿಗೂ ಸುಲಭ’ ಸಿಕ್ಕಿಬಿತ್ತು. ಟೇಪು ಸುತ್ತುತ್ತಾ ಸುತ್ತುತ್ತಾ, ಈ ವಾದದಲ್ಲಿ ಗೆದ್ದರೆ ಸೋಲುವುದು ಯಾರು ಅಂತ ನೆನಪಾಯಿತು. ಚರ್ಚೆಯೊಂದರಲ್ಲಿ ಸೋಲಬೇಕು ಅನ್ನಿಸಿದ್ದು ಅದೇ ಮೊದಲು. ಹಾಗಾಗಿ ಇನ್ನೊಂದು ಸಲ ಅಳೆದೆ. ಕಂಬಿ ಜಗ್ಗಲಿಲ್ಲ.

“ಗೇಟ್ಗೆ ಬಟ್ಟೆ ಒಲುಸ್ತೀರಾ ಮೇಡಂ?”

ಶಿವಣ್ಣ ಹಿಂದೆ ನಿಂತು ನಗುತ್ತಿದ್ದ. ವಿಷಯ ಹೇಳಿದೆ. ಎತ್ತಿಕೊಂಡು ಹೋಗುತ್ತೇವೆ ಅಂದೆನಲ್ಲ ಅಂತ ಮತ್ತೆ ಅದೇ ರಾಗ ತೆಗೆದ. ಎತ್ತುವುದೇ ಬೇಡ ಅಂದಾಗ ಪಾಪ, ಅವನಿಗೆ ಬೇಜಾರಾಯಿತು. ತಲೆ ಕೆರೆದುಕೊಂಡು, ಬೇಲಿ ಬಳಸಿ ಕರೆದುಕೊಂಡು ಹೋಗಿ, ಬೀಗ ಹಾಕಿದ್ದ ಇನ್ನೊಂದು ಗೇಟು ತೋರಿಸಿದ. ಬಿದ್ದ ಎಲೆ, ಜನ ಎಸೆದ ಪ್ಲಾಸ್ಟಿಕ್ಕು ಗುಡಿಸಿ ಹೊರಹಾಕುವ ತಳ್ಳುಗಾಡಿಯ ಗೇಟು. ನೀಲಿ ಗೆರೆ ಅದರೊಳಗೆ ಆರಾಮಾಗಿ ಕೂತಿತು. ಅಲ್ಲಿಂದ ಹಲಗೆಗೆ ಸಣ್ಣ ಇಳಿಜಾರು. ಹಲಗೆಯ ಸಂದಿ ಅಡ್ಡಕ್ಕೆ. ದಾರಿಯ ಕೊನೆ ಮುಟ್ಟಿ ಬಂದೆ.

ಆದರೆ ನನ್ನೊಳಗಿನ ಭಾಷಣಗಾರ್ತಿ ಸುಮ್ಮನಿರಬೇಕಲ್ಲ. ಮನುಷ್ಯರಿಗೊಂದು ಗೇಟು, ಅತ್ತೆಗೆ ಕಸದ ಗಾಡಿಯ ಗೇಟೇ ಅಂತ ಶಿವಣ್ಣನಿಗೆ ಘನತೆಯ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ಆತ ಪೂರ್ತಿ ಕೇಳಿ, ಅದಕ್ಕಿಂತ ಎತ್ತಿಕೊಂಡು ಹೋಗುವುದೇ ವಾಸಿಯಲ್ಲವೇ ಅಂದ. ಬಸ್ಸಿನುದ್ದಕ್ಕೂ ದೂರಿನ ಅರ್ಜಿಯ ವಾಕ್ಯಗಳನ್ನು ಜೋಡಿಸುತ್ತಾ ಬಂದು, ಅದೇ ಕಾವಿನಲ್ಲಿ ಅತ್ತೆಯ ಮುಂದೆ ಒಪ್ಪಿಸಿದೆ. ಅವಳು ಮೆಷಿನ್ನು ನಿಲ್ಲಿಸಿ ನಕ್ಕಳು.

“ಕಸದ್ ಗಾಡೀನ ಯಾರಾದ್ರೂ ಎತ್ಕೊಂಡೋಯ್ತಾರೇನಮ್ಮಿ? ಅದು ತನ್ ಗಾಲಿ ಮ್ಯಾಲೆ ತಾನೇ ಓಯ್ತದಲ್ಲ.”

ಅರ್ಜಿ ಬೇಡ ಅನ್ನಲಿಲ್ಲ. ಕಂಬಿ ಸರಿಮಾಡಿಸಲು ಬರೆಯಲೇಬೇಕು, ತಾನೂ ಸಹಿ ಹಾಕುತ್ತೇನೆ, ಆದರೆ ಹೋಗಿ ಬಂದ ಮೇಲೆ ಅಂದಳು. ಬೀಗ ಮಾತ್ರ ತಾನು ಬರುವ ಮುಂಚೆಯೇ ತೆಗೆದಿರಬೇಕು, ಬಾಗಿಲಲ್ಲಿ ಕಾಯುವವಳಲ್ಲ. ಆಮೇಲೆ ಅಡ್ಡಪ್ರಶ್ನೆ ಶುರುವಾಯಿತು. ಇಳಿಜಾರಿನಲ್ಲಿ ಬ್ರೇಕು ನಿಲ್ಲುತ್ತದೆಯೇ, ಎದುರಿಗೆ ಜನ ಬಂದರೆ ತಿರುಗಲು ಜಾಗವಿದೆಯೇ, ಹಲಗೆ ಜಾರುತ್ತದೆಯೇ. ಹೊಳೆಯ ಪಸೆಗೆ ಜಾರದೆ ಇರುತ್ತದೆಯೇ ಅಂತ ಪಟ್ಟು ಹಿಡಿದಳು. ಚಪ್ಪಲಿ ಬಿಟ್ಟು ನಡೆದು ನೋಡಿದ್ದೇನೆ, ಜಾರದ ಹಾಗೆ ಹಲಗೆಗೆ ಗೀರು ಹಾಕಿದ್ದಾರೆ ಅಂತ ಹೇಳಿ ನಾನು ಗೆದ್ದೆ. ಆ ಉತ್ಸಾಹದಲ್ಲಿ, ಒಳಗೆ ಹೋಗುತ್ತಿದ್ದ ಹಾಗೇ ದೊಡ್ಡ ಮತ್ತಿಮರಗಳು, ಅವುಗಳ ಕೆಳಗೆ ಅಂತ ಮುಂದುವರಿಸಿದೆ. ಅತ್ತೆ ಅಂಗೈ ಅಡ್ಡ ಹಿಡಿದಳು.

“ದಾರಿ ಎಂಗದೆ ಅಂತ ಏಳ್ದಲ್ಲ, ಸಾಕು. ಕಾಡು ಎಂಗದೆ ಅಂತ ಏಳ್ಬ್ಯಾಡ.”

ನಾಳೆ ಹೊರಡುತ್ತಿದ್ದೇವೆ. ಕುರ್ಚಿ ಹತ್ತಿಸಿಕೊಳ್ಳುವ ವ್ಯಾನು ಗೊತ್ತುಮಾಡಿಯಾಗಿದೆ, ಅವಳ ದಿಂಬು, ಮಜ್ಜಿಗೆ ಬಾಟಲಿ ಸಿದ್ಧವಾಗಿವೆ. ಶಿವಣ್ಣನಿಗೆ ಬೆಳಿಗ್ಗೆ ಮತ್ತೆ ಫೋನು ಮಾಡಿದೆ. ಬೀಗ ತೆಗೆದಿರುತ್ತದೆ, ಎತ್ತುವ ನಾಲ್ಕು ಜನಕ್ಕೂ ದೂರ ಕೂರಲು ಹೇಳಿದ್ದೇನೆ ಅಂದ. ಆದರೂ ಟೇಪು ಬ್ಯಾಗಿನಲ್ಲಿರಲಿ. ನಾನು ನಂಬುವವಳಲ್ಲ.

ಅತ್ತೆ ನಮ್ಮ ಸುಳ್ಳು ಹಿಡಿಯಲೆಂದೇ ಅಷ್ಟೆಲ್ಲ ಕೇಳುತ್ತಿದ್ದಳು ಅಂತ ಇಷ್ಟು ವರ್ಷ ತಿಳಿದಿದ್ದೆ. ಅವಳಿಗಿದ್ದದ್ದು ನಾವು ತಂದುಕೊಟ್ಟ ಕಾಡೊಂದೇ. ಅದರಲ್ಲಿ ಇಲ್ಲದ ನರಿ ಓಡಾಡುವುದು ಅವಳಿಗೆ ಬೇಕಿರಲಿಲ್ಲ, ಅಷ್ಟೆ. ನಾಳೆ ಅವಳು ತನಗೆ ಬೇಕಾದ ಕಡೆ ಬ್ರೇಕು ಹಾಕಿ ನಿಲ್ಲುತ್ತಾಳೆ. ನಾನು ಹಿಂದೆ ಉಳಿಯುತ್ತೇನೆ. ಅವಳು ಹೊರಗೆ ಬಂದ ಮೇಲೆ, ಕಸದ ಗಾಡಿಯ ಗೇಟಿನ ಹತ್ತಿರ ನಿಲ್ಲಿಸಿ, ಕೇಳಲೇಬೇಕಾದದ್ದು ಒಂದಿದೆ: ಒಳಗೆ ಹೋದ ಮೇಲೆ ಮೊದಲು ಏನು ಕೇಳಿಸಿತು?